ಮಡಕೆ ನೀರು ಯಾಕೆ ತಣ್ಣಗೆ?

ಎಂಟನೇ ಕ್ಲಾಸಿನಲ್ಲಿ ‘ಆವಿಯಾಗುವಿಕೆ ಎಂದರೇನು?’ ಅಂದರೆ ನಲವತ್ತು ಮಕ್ಕಳೂ ಒಂದೇ ರಾಗದಲ್ಲಿ ಹೇಳುತ್ತಿದ್ದರು. ಹತ್ತು ದಿನ ಬಿಟ್ಟು ಕೇಳಿದರೆ ಎಲ್ಲರೂ ಫ್ಯಾನು ನೋಡುವವರೇ. ತಪ್ಪು ನನ್ನದೇ. ನಾನು ಕೇಳುತ್ತಿದ್ದುದು ಬರೀ ‘ಏನು’, ‘ಯಾವುದು’.

ಫೆಬ್ರವರಿಯಲ್ಲಿ ಒಂದು ದಿನ ಸ್ಟಾಫ್ ರೂಮಿನ ಮಡಕೆಯನ್ನೇ ಕ್ಲಾಸಿಗೆ ಹೊತ್ತುಕೊಂಡು ಹೋದೆ. ಪಕ್ಕದಲ್ಲಿ ಸ್ಟೀಲ್ ಬಿಂದಿಗೆ ಇಟ್ಟೆ. ‘ಇದರ ನೀರು ತಂಪು, ಅದರದ್ದು ಯಾಕಲ್ಲ?’ ಅಂತ ಕೇಳಿ ಸುಮ್ನೆ ನಿಂತೆ. ಈ ಸುಮ್ನೆ ನಿಲ್ಲೋದು ಇದೆಯಲ್ಲ, ಅದೇ ಕಷ್ಟ. ಅಮೆರಿಕದ ಶಿಕ್ಷಣ ಸಂಶೋಧಕಿ ಮೇರಿ ಬಡ್ ರೋ 1970ರ ದಶಕದಲ್ಲೇ ಇದನ್ನು ಗಮನಿಸಿದ್ದರು. ಮೇಷ್ಟ್ರುಗಳು ಪ್ರಶ್ನೆ ಕೇಳಿ ಸುಮಾರು 1 ಸೆಕೆಂಡಷ್ಟೇ ಕಾಯುತ್ತಾರೆ. 3 ಸೆಕೆಂಡು ಕಾದರೆ ಮಕ್ಕಳು ಜಾಸ್ತಿ ಮಾತಾಡುತ್ತಾರೆ. ನಾನು ಮನಸ್ಸಲ್ಲೇ ಎಣಿಸಿದೆ. ಐದಕ್ಕೆ ಬರುವಷ್ಟರಲ್ಲಿ ಹಿಂದಿನ ಬೆಂಚಿನ ಹುಡುಗಿ, ‘ಸಾರ್, ಮಡಕೆ ಬೆವರುತ್ತೆ’ ಅಂದಳು.

ಬೆವರಿದರೆ ತಂಪು ಯಾಕೆ? ಹೊರಗೆ ಜಿನುಗಿದ ನೀರು ಆವಿಯಾಗಲು ಶಾಖ ಬೇಕು. ಅದನ್ನು ಮಡಕೆಯಿಂದ, ಒಳಗಿನ ನೀರಿನಿಂದ ಎಳೆದುಕೊಳ್ಳುತ್ತದೆ. ಹಾಗಾದರೆ ಮಳೆಗಾಲದಲ್ಲಿ ಅಷ್ಟು ತಂಪಿರಲ್ಲ, ಯಾಕೆ? ಇದಕ್ಕೆ ಅರ್ಧ ಪೀರಿಯಡ್ ಜಗಳ. ಗಾಳಿಯಲ್ಲೇ ತೇವ ಜಾಸ್ತಿ ಇದ್ದರೆ ನೀರು ಬೇಗ ಆರಲ್ಲ ಅಂತ ಕೊನೆಗೆ ಅವರೇ ಹೇಳಿದರು, ಒಣಗದ ಯೂನಿಫಾರ್ಮ್ ನೆನಪಿಸಿಕೊಂಡು.

ಈಗ ಸೋಮವಾರ ಮೊದಲ ಐದು ನಿಮಿಷ ಪುಸ್ತಕ ಮುಚ್ಚಿಸಿ, ಹಳೇ ಪಾಠದ ಎರಡು ‘ಯಾಕೆ’ ಕೇಳುತ್ತೇನೆ. ಮಾರ್ಕ್ಸ್ ಇಲ್ಲ. ಪೋರ್ಷನ್ ಮುಗಿದಿಲ್ಲ ಅಂತ ಬೈಸಿಕೊಂಡಿದ್ದೂ ಆಯ್ತು. ಮೊನ್ನೆ ಅದೇ ಹುಡುಗಿ, ‘ಸಾರ್, ಹಾಗಾದ್ರೆ ಎಮ್ಮೆ ಯಾಕೆ ಕೆಸರಲ್ಲಿ ಮಲಗುತ್ತೆ? ಅದು ಬೆವರಲ್ವಾ?’ ಅಂದಳು. ಈ ಸಲ ಐದರವರೆಗೆ ಎಣಿಸಿದ್ದು ಅವಳು.