ಮಣಿಕಟ್ಟು ಹೇಗೆ ತಿರುಗಿಸಬೇಕು ಸಾರ್?

ಟೆನಿಸ್ ಕಲಿಸಲು ಶುರು ಮಾಡಿದ ದಿನದಿಂದ ಅದೇ ಪ್ರಶ್ನೆ. "ಸಾರ್, ಫೋರ್‌ಹ್ಯಾಂಡ್‌ನಲ್ಲಿ ಪವರ್ ಬರ್ತಾ ಇಲ್ಲ. ಮಣಿಕಟ್ಟು ಹೇಗೆ ತಿರುಗಿಸಬೇಕು? ಒಂದೇ ಒಂದು ಟಿಪ್ ಹೇಳಿ." ಫೋರ್‌ಹ್ಯಾಂಡ್ ಎಂದರೆ ಅಂಗೈ ಚೆಂಡಿನ ಕಡೆಗಿಟ್ಟು ಹೊಡೆಯುವ ಹೊಡೆತ. ಹೇಳಿ ಹೇಳಿ ಬಾಯಿ ನೋಯುತ್ತಿದೆ. ಬರೆದಿಟ್ಟಿದ್ದೇನೆ, ಓದಿಕೊಳ್ಳಿ.

ತಿರುಗಿಸಬೇಡಿ. ಚೆಂಡು ರ‍್ಯಾಕೆಟ್ಟಿನ ತಂತಿಗೆ ತಾಗಿರುವುದು ಸೆಕೆಂಡಿನ ಸಾವಿರ ಪಾಲಿನಲ್ಲಿ 4-5 ಪಾಲು ಮಾತ್ರ. ಅಷ್ಟರಲ್ಲಿ ಯಾರೂ ಏನನ್ನೂ ತಿರುಗಿಸಲಾರರು. "ನಿಮ್ಮದು ತಿರುಗುತ್ತಲ್ಲ?" ಅಂತ ವಾದಕ್ಕೆ ಬರಬೇಡಿ. ತಿರುಗುತ್ತದೆ. ಹಿಡಿತ ಸಡಿಲ ಇರುವುದರಿಂದ ತಾನಾಗಿ ತಿರುಗುತ್ತದೆ, ನಾನು ತಿರುಗಿಸುವುದಿಲ್ಲ.

ಒಮ್ಮೆ ಒಬ್ಬರು ತಮ್ಮ ಫೋರ್‌ಹ್ಯಾಂಡಿನ ಸ್ಲೋ ಮೋಷನ್ ವಿಡಿಯೊ ತಂದಿದ್ದರು. ಕೈ ಮಾತ್ರ ಕಾಣುವ ಹಾಗೆ ಝೂಮ್ ಬೇರೆ. "ಕಾಲೆಲ್ಲಿ?" ಅಂದೆ. "ಕಾಲ್ಯಾಕೆ ಸಾರ್?" ಅಂದರು. ಕೋರ್ಟಿಗೆ ಕರೆದು ಆಡಿಸಿದೆ. ಎರಡೂ ಹಿಮ್ಮಡಿ ನೆಲಕ್ಕೆ ಊರಿ ಕಂಬದ ಹಾಗೆ ನಿಂತಿದ್ದರು. ಚೆಂಡು ಹೊಟ್ಟೆಯ ಹತ್ತಿರವೇ ಬರುತ್ತಿತ್ತು, ಮೊಣಕೈ ಪಕ್ಕೆಗೆ ಅಂಟಿಕೊಳ್ಳುತ್ತಿತ್ತು. ಪಾಪ, ಮಣಿಕಟ್ಟು ಒಂದೇ ಎಷ್ಟು ಅಂತ ಒದ್ದಾಡುತ್ತದೆ? "ನಾನು ಹೊಡೆಯುವ ಹೊತ್ತಿಗೆ ಸಣ್ಣಗೆ ಹಾರಿ, ಎರಡೂ ಪಾದಗಳ ಮುಂಭಾಗದ ಮೇಲೆ ಇಳಿಯಿರಿ" ಎಂದೆ. ಸ್ಪ್ಲಿಟ್ ಸ್ಟೆಪ್ ಎಂದರೆ ಅಷ್ಟೇ. ಹತ್ತಿಪ್ಪತ್ತು ಚೆಂಡು ಆದಮೇಲೆ ಚೆಂಡು ಮೈಯಿಂದ ಮುಂದೆ ಸಿಗತೊಡಗಿತು, ಸದ್ದೇ ಬದಲಾಯಿತು. ಅವರಿಗೆ ಖುಷಿಯಾಗಲಿಲ್ಲ. "ಇದು ಸುಮ್ನೆ ಕುಣಿಯೋದು ಸಾರ್. ಟೆಕ್ನಿಕ್ ಹೇಳಿ."

ಹೇಗೆ ಹೊಡೆಯಬೇಕು ಎಂದು ಎಲ್ಲರೂ ಕೇಳುತ್ತಾರೆ. ಎಲ್ಲಿಗೆ ಹೊಡೆಯಬೇಕು ಎಂದು ಇವತ್ತಿನವರೆಗೆ ಒಬ್ಬರೂ ಕೇಳಿಲ್ಲ. ಕೇಳಿದ್ದರೆ ಕುರ್ಚಿ ಹಾಕಿ ಕೂರಿಸಿ ಹೇಳುತ್ತಿದ್ದೆ. ನೆಟ್ ಕಂಬದ ಹತ್ತಿರ 107 ಸೆಂಟಿಮೀಟರ್ ಎತ್ತರ, ನಡುವೆ 91. ಕೋರ್ಟ್ ನೇರಕ್ಕೆ 23.77 ಮೀಟರ್. ಸಿಂಗಲ್ಸ್ ಕೋರ್ಟನ್ನೇ ಮೂಲೆಯಿಂದ ಮೂಲೆಗೆ ಅಳೆದರೆ 25 ದಾಟುತ್ತದೆ. ಓರೆಯಾಗಿ ಹೊಡೆದರೆ ನೆಟ್ಟೂ ತಗ್ಗು, ಜಾಗವೂ ಜಾಸ್ತಿ. ಪುಕ್ಕಟೆ ಸಿಗುವ ಲಾಭ ಅಲ್ವಾ? ಆದರೂ ನಮ್ಮವರಿಗೆ ಲೈನಿಗೆ ಒರಸಿಕೊಂಡು ನೇರವಾಗಿಯೇ ಹೋಗಬೇಕು. ಔಟ್ ಆದಮೇಲೆ ರ‍್ಯಾಕೆಟ್ಟನ್ನು ದುರುಗುಟ್ಟಿ ನೋಡುವುದು, ಬೆರಳಲ್ಲಿ ತಂತಿ ಸರಿಮಾಡುವುದು.

ಆ ಸ್ಲೋ ಮೋಷನ್ ವಿಡಿಯೊದವರು ಮೊನ್ನೆ ಹೊಸ ವಿಡಿಯೊ ತೋರಿಸಿದರು. ಈ ಸಲ ಕಾಲೂ ಕಾಣುತ್ತಿತ್ತು. ಶೂ ಹೊಸದಾಗಿತ್ತು, ಅದಕ್ಕೇ ಇರಬೇಕು.