ಆರು ಡಾಲರ್ ಕಾವಲಿ

ಕ್ಲೀವ್‌ಲ್ಯಾಂಡ್ ಕಡೆ ಚಳಿ ಪೂರ್ತಿ ಬಿಡುವಷ್ಟರಲ್ಲಿ ಮೇ ಬಂದಿರುತ್ತದೆ. ಆಮೇಲೆ ಶನಿವಾರ ಬಂತೆಂದರೆ ಸಾಕು, ಬೀದಿ ತಿರುವಿನ ಕಂಬಗಳಲ್ಲಿ ರಟ್ಟಿನ ತುಂಡುಗಳು ಕಾಣಿಸುತ್ತವೆ. ದಪ್ಪ ಅಕ್ಷರದಲ್ಲಿ ಯಾರ್ಡ್ ಸೇಲ್ ಅಂತ ಬರೆದು ಒಂದು ಬಾಣದ ಗುರುತು ಹಾಕಿರುತ್ತಾರೆ. ಆ ಬಾಣ ಹಿಡಿದು ಹೋದರೆ ಯಾರದೋ ಮನೆ ಮುಂದೆ, ಮಡಿಸುವ ಮೇಜುಗಳ ಮೇಲೆ ಅವರ ಅರ್ಧ ಸಂಸಾರವೇ ಮಾರಾಟಕ್ಕೆ ಹರಡಿಕೊಂಡಿರುತ್ತದೆ.

ಅದು 2014. ಅಮೆರಿಕಕ್ಕೆ ಬಂದು ಏಳು ತಿಂಗಳಾಗಿತ್ತು, ನಾನು ಐದು ತಿಂಗಳ ಬಸುರಿ. ಮನೆಯಲ್ಲಿದ್ದದ್ದು ಒಂದು ಹಾಸಿಗೆ, ಎರಡು ಕುರ್ಚಿ, ಕಪ್ಪು ಪದರ ಎದ್ದು ಬರುತ್ತಿದ್ದ ಒಂದು ನಾನ್‌ಸ್ಟಿಕ್ ತವಾ. ಊರಿನ ಕಾವಲಿ ತರಬೇಕು ಅಂತ ತುಂಬಾ ಆಸೆ ಇತ್ತು. ಆದರೆ ಎರಡೇ ಪೆಟ್ಟಿಗೆ, ತಲಾ 23 ಕಿಲೋ. ಅಮ್ಮನೇ ಕಾವಲಿ ತೆಗೆದಿಟ್ಟು ಆ ಜಾಗಕ್ಕೆ ಸಾರಿನ ಪುಡಿ ತುಂಬಿದ್ದಳು.

ಕೆಳಗಿನ ಮನೆಯಲ್ಲಿ ಶಿವಮೊಗ್ಗದ ಅಕ್ಕ ಒಬ್ಬರಿದ್ದರು. "ಏಳೂವರೆಗೆ ರೆಡಿ ಇರು. ಒಂದೊಂದು ಡಾಲರಿನ ನೋಟು, ಚಿಲ್ಲರೆ ಜಾಸ್ತಿ ಇಟ್ಕೋ. ಇಪ್ಪತ್ತರ ನೋಟು ಹಿಡ್ಕೊಂಡು ಚೌಕಾಸಿ ಮಾಡೋಕಾಗಲ್ಲ ಕಣೇ" ಅಂದರು. ನನಗೆ ಒಳಗೊಳಗೇ ಮುಜುಗರ. ಊರಲ್ಲಿ ಹಳೇ ಸೀರೆ ಕೊಟ್ಟು ಸ್ಟೀಲ್ ಡಬ್ಬ ತಗೊಳ್ಳುವುದು ಗೊತ್ತಿತ್ತು. ಆದರೆ ಇನ್ನೊಬ್ಬರು ಬಳಸಿದ ಪಾತ್ರೆ ನಮ್ಮ ಅಡುಗೆಮನೆಗೆ ಬಂದದ್ದೇ ಇಲ್ಲ.

ಮೊದಲ ಮನೆಯಲ್ಲಿ ಮಗುವಿನ ತೊಟ್ಟಿಲಮಂಚ ಇತ್ತು. ಹದಿನೈದು ಡಾಲರ್. ಒಳ್ಳೆ ಮರ, ಹೊಸದರ ಹಾಗಿತ್ತು. ನಾನು ಪರ್ಸ್ ತೆಗೆದೇಬಿಟ್ಟೆ. ಅಕ್ಕ ಪಕ್ಕದ ಕಟಕಟೆ ಹಿಡಿದು ಎಳೆದರು, ಅದು ಸರ್ ಅಂತ ಕೆಳಗಿಳಿಯಿತು. "ಬೇಡ. ಪಕ್ಕ ಇಳಿಯೋ ಮಂಚ ತಗೋಬಾರದು." ಕಟಕಟೆ ಸಡಿಲವಾಗಿ, ಸಂದಿಯಲ್ಲಿ ಸಿಕ್ಕಿಕೊಂಡು ಮಕ್ಕಳು ಸತ್ತದ್ದರಿಂದ 2011ರಲ್ಲೇ ಇಲ್ಲಿ ಅಂಥ ಮಂಚಗಳ ಮಾರಾಟ ನಿಲ್ಲಿಸಿದ್ದಾರೆ, ಹಳೇದನ್ನೂ ಮಾರುವ ಹಾಗಿಲ್ಲ. ಮಾರುತ್ತಿದ್ದ ಹುಡುಗನಿಗೆ ಇದು ಗೊತ್ತೇ ಇರಲಿಲ್ಲ. ಅಕ್ಕ ಸಮಾಧಾನವಾಗಿ ಹೇಳಿದ ಮೇಲೆ ಅವನೇ ಮಂಚವನ್ನು ಒಳಗೆ ತಳ್ಳಿಕೊಂಡು ಹೋದ. ಅಕ್ಕ ಇಲ್ಲದಿದ್ದರೆ ನನ್ನ ಮಗು ಅದರಲ್ಲಿ ಮಲಗುತ್ತಿತ್ತು, ಅಲ್ವಾ? ಇವತ್ತಿಗೂ ನೆನೆದರೆ ಎದೆ ಝಲ್ ಅನ್ನುತ್ತದೆ.

ಎರಡನೇ, ಮೂರನೇ ಮನೆಯಲ್ಲಿ ಬರೀ ಬಟ್ಟೆ, ಆಟದ ಸಾಮಾನು.

ನಾಲ್ಕನೆಯದು ವಯಸ್ಸಾದ ಹೆಂಗಸಿನ ಮನೆ. ಅವರ ಮೇಜಿನ ಕೆಳಗೆ, ಹುಲ್ಲಿನ ಮೇಲೆ, ಒಂದು ಗುಂಡಗಿನ ಕಪ್ಪು ಕಬ್ಬಿಣ ಬಿದ್ದಿತ್ತು. ಎತ್ತಿದೆ. ಭಾರ. ಅಂಚು ಒಂದಿಷ್ಟೇ ಎದ್ದಿದೆ, ಮಿಕ್ಕದ್ದೆಲ್ಲ ಚಪ್ಪಟೆ, ಒಂದು ಹಿಡಿ. ಅಂಚಿನಲ್ಲಿ ತುಕ್ಕು, ಹಿಂದೆ ಬೆರಳು ದಪ್ಪದ ಕರಿ. ಆದರೆ ನಡುವೆ ಬೆರಳಾಡಿಸಿದರೆ ನುಣುಪು. ನನ್ನ ಕೈಗೆ ಅದು ಏನು ಅಂತ ತಕ್ಷಣ ಗೊತ್ತಾಯಿತು. ಕಾವಲಿ!

ಅವರ ಅಮ್ಮ ಅದರಲ್ಲಿ ಪ್ಯಾನ್‌ಕೇಕ್ ಮಾಡುತ್ತಿದ್ದರಂತೆ. "ನೀನು ಏನು ಮಾಡ್ತೀಯ?" ಅಂತ ಕೇಳಿದರು. ದೋಸೆ ಅಂದೆ. ಅಕ್ಕಿ, ಉದ್ದು ರುಬ್ಬಿ ರಾತ್ರಿಯಿಡೀ ಹುದುಗಿಸುವುದನ್ನು ಹೇಳಿದೆ. ಮೇಜಿಗೆ ಒರಗಿ ಎಲ್ಲಾ ಕೇಳಿಸಿಕೊಂಡರು. ಕಾವಲಿಗೆ ಅಂಟಿಸಿದ್ದ ಕಾಗದದ ಟೇಪಿನಲ್ಲಿ 6 ಅಂತಿತ್ತು. ಅಕ್ಕ ಯಾವತ್ತೂ ನಾಲ್ಕು ಸಾಮಾನು ಒಟ್ಟುಮಾಡಿ, ಎಲ್ಲಾ ಸೇರಿ ಎಷ್ಟು ಅಂತ ಕೇಳುವವರು. ಅವತ್ತು ಅವರೂ ಸುಮ್ಮನಿದ್ದರು. ಒಂದು ಡಾಲರಿನ ಆರು ನೋಟು ಎಣಿಸಿ ಕೊಟ್ಟೆ. ನಾಲ್ಕು ಕೋರೆಲ್ ಗಾಜಿನ ತಟ್ಟೆಗಳನ್ನು ಆ ಹೆಂಗಸೇ ಸುಮ್ನೆ ಕೊಟ್ಟರು.

ಅಮ್ಮನಿಗೆ ಫೋನಿನಲ್ಲಿ ಹೆದರುತ್ತಲೇ ಹೇಳಿದೆ. ಅದರ ಮೇಲೆ ಏನೇನು ಬೇಯಿಸಿದ್ದಾರೋ, ನಮ್ಮದು ಮಾಂಸ ತಿನ್ನದ ಮನೆ. ಅಮ್ಮ ಒಂದು ನಿಮಿಷ ಸುಮ್ಮನಿದ್ದು, "ಬೆಂಕಿಗೆ ಹಾಕಿದ ಮೇಲೆ ಇನ್ಯಾವ ಮೈಲಿಗೆ? ಚೆನ್ನಾಗಿ ಸುಟ್ಟು, ಈರುಳ್ಳಿ ಉಜ್ಜು" ಅಂದಳು.

ಹಳೇ ಜಿಡ್ಡು ತೆಗೆಯಲು ಓವನ್ ತೊಳೆಯುವ ನೊರೆ ತಂದೆವು. ಬಸುರಿಗೆ ಅದು ಬೇಡ ಅಂತ ನನ್ನವರೇ ಕೈಗವಸು ಹಾಕಿಕೊಂಡು, ಮನೆ ಹೊರಗೆ ಕಾವಲಿಗೆ ಬಳಿದು, ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿ ಎರಡು ದಿನ ಬಿಟ್ಟರು. ಜಿಡ್ಡು ಕರಗಿತು. ತುಕ್ಕಿಗೆ ವಿನೆಗರ್, ಅಷ್ಟೇ ನೀರು, ಅರ್ಧ ಗಂಟೆ. ಕರಿ ಹೋದ ಮೇಲೆ ಹಿಂದೆ ಅಕ್ಷರ ಕಾಣಿಸಿತು: ಗ್ರಿಸ್‌ವೊಲ್ಡ್, ಎರೀ. ಗ್ರಿಸ್‌ವೊಲ್ಡ್ ಅಂದರೆ ಕಬ್ಬಿಣದ ಪಾತ್ರೆ ಮಾಡುತ್ತಿದ್ದ ಕಂಪನಿ, ಎರೀ ಅದರ ಊರು. ಕ್ಲೀವ್‌ಲ್ಯಾಂಡ್‌ನಿಂದ ನೂರು ಮೈಲಿ, ಎರಡೂ ಒಂದೇ ಸರೋವರದ ದಡ. ಅಲ್ಲಿನ ಕಾರ್ಖಾನೆ 1957ರಲ್ಲೇ ಮುಚ್ಚಿತು. ಅಂದರೆ ಈ ಕಾವಲಿ ನನ್ನ ಅಮ್ಮನಿಗಿಂತ ಹಳೇದು.

ತೆಳ್ಳಗೆ ಎಣ್ಣೆ ಸವರಿ, ಬೋರಲಾಗಿಟ್ಟು, ಓವನ್‌ನಲ್ಲಿ 450 ಡಿಗ್ರಿ ಫ್ಯಾರನ್‌ಹೀಟ್‌ನಲ್ಲಿ ಒಂದು ಗಂಟೆ. ಹೀಗೆ ಮೂರು ಸಲ. ಆಮೇಲೆ ಅರ್ಧ ಈರುಳ್ಳಿಗೆ ಫೋರ್ಕ್ ಚುಚ್ಚಿ, ಎಣ್ಣೆಯಲ್ಲಿ ಅದ್ದಿ, ಬಿಸಿ ಕಾವಲಿ ಮೇಲೆ ಉಜ್ಜಿದೆ. ಚುರ್ ಅಂತು. ಊರಿನ ಬೆಳಗಿನ ವಾಸನೆ ಮನೆ ತುಂಬಿತು.

ಮೊದಲನೇ ದೋಸೆ ಅಂಟಿಕೊಂಡಿತು. ಎರಡನೆಯದು ಹರಿಯಿತು. ಮೂರನೆಯದರ ಅಂಚು ತಾನಾಗಿ ಎದ್ದು, ಕೆಳಗೆ ಕೈ ಹಾಕುವಷ್ಟರಲ್ಲಿ ಇಡಿಯಾಗಿ ಬಂತು. ಸಣ್ಣ ಸಣ್ಣ ತೂತು, ಕೆಂಪಗಿನ ತಳ. ಅದನ್ನು ಅಕ್ಕನಿಗೆ ಅಂತ ಎತ್ತಿಟ್ಟು, ನಾಲ್ಕನೆಯದಕ್ಕೆ ಹಿಟ್ಟು ಹುಯ್ದೆ.