ರೆಕ್ಕೆ ಬಡಿದಾಗ ಬದಲಾಗುವ ನೋಟ

ಬಾಳೆಹಣ್ಣು ಸ್ವಲ್ಪ ಕಳಿತರೆ ಸಾಕು, ಸುತ್ತ ಹಾರುತ್ತವಲ್ಲ ಪುಟ್ಟ ಕೆಂಗಣ್ಣಿನ ನೊಣಗಳು, ಡ್ರೊಸೊಫಿಲಾ, ನನ್ನ ದಿನವೆಲ್ಲ ಅವುಗಳ ಜೊತೆಯಲ್ಲೇ ಕಳೆಯುತ್ತದೆ. ಒಂದನ್ನು ಹಿಡಿದು, ಅಂಟು ಹಾಕಿ ಹಿಡಿಕೆಗೆ ಕೂರಿಸುತ್ತೇನೆ. ತಲೆಯ ಹಿಂದೆ ಚಿಕ್ಕ ಕಿಂಡಿ ತೆಗೆದು, ಕೂದಲಿಗಿಂತ ಎಷ್ಟೋ ಸಣ್ಣ ತುದಿಯ ಗಾಜಿನ ಕೊಳವೆಯನ್ನು ಒಂದು ನರಕೋಶಕ್ಕೆ ತಾಗಿಸಬೇಕು. ಉಸಿರು ಬಿಗಿಹಿಡಿದು ಮಾಡುವ ಕೆಲಸ ಅದು.

ಆ ಕೋಶಕ್ಕೆ ವಿಎಸ್ (ವರ್ಟಿಕಲ್ ಸಿಸ್ಟಂ) ಅಂತ ಹೆಸರು, ಕಣ್ಣೆದುರು ಮೇಲೆ-ಕೆಳಗೆ ಆಗುವ ಚಲನೆಯನ್ನು ಗುರುತಿಸುವ ಕೋಶ ಅದು. ಎದುರಿನ ಎಲ್‌ಇಡಿ ಪರದೆಯಲ್ಲಿ ಪಟ್ಟೆಗಳು ಕೆಳಕ್ಕೆ ಜಾರಿದರೆ ಅದರ ವೋಲ್ಟೇಜ್ ಏರುತ್ತದೆ. ಮೇಲಕ್ಕೆ ಹೋದರೆ ಇಳಿಯುತ್ತದೆ. ನೊಣ ಸುಮ್ನೆ ಇದ್ದಾಗ ಕಂಪ್ಯೂಟರಿನಲ್ಲಿ ಆ ವೋಲ್ಟೇಜಿನ ಗೆರೆ ಸಣ್ಣದಾಗಿ ಉಬ್ಬುತ್ತದೆ, ಅಷ್ಟೇ.

ಈಗ ಉಫ್ ಅಂತ ಒಂದು ಸಲ ಗಾಳಿ ಬಿಡುತ್ತೇನೆ. ಕಾಲಡಿ ನೆಲವಿಲ್ಲ, ರೆಕ್ಕೆ ಶುರು. ಸೆಕೆಂಡಿಗೆ 200 ಸಲದಷ್ಟು ಬಡಿತ. ಪಟ್ಟೆ ಅವೇ, ವೇಗವೂ ಅದೇ. ಆದರೆ ಗೆರೆ ಎದ್ದು ನಿಲ್ಲುತ್ತದೆ! ಮೊದಲ ಸಲ ನೋಡಿದಾಗ ಮೈ ಜುಮ್ಮೆಂದಿತ್ತು. ಕಣ್ಣೆದುರಿನ ದೃಶ್ಯದಲ್ಲಿ ಏನೂ ಬದಲಾಗಿಲ್ಲ, ನೋಡುವ ಮಿದುಳೇ ಬದಲಾಗಿದೆ, ಅಲ್ವಾ?

ಇದನ್ನು 2010ರಲ್ಲಿ ತೋರಿಸಿದವರು ಮೈಮನ್, ಸ್ಟ್ರಾ ಮತ್ತು ಡಿಕಿನ್ಸನ್ ಎಂಬ ವಿಜ್ಞಾನಿಗಳು. ಇದರ ಹಿಂದೆ ಯಾರ ಕೈವಾಡ ಅನ್ನುವುದಕ್ಕೆ ಉತ್ತರ 2012ರಲ್ಲಿ ಸಿಕ್ಕಿತು. ಮೇರಿ ಸುವರ್, ಮಾಮಿಯಾ, ಡಿಕಿನ್ಸನ್ ಆಕ್ಟೊಪಮೈನ್ ಎಂಬ ನರರಾಸಾಯನಿಕದ ಕಡೆ ಬೊಟ್ಟು ಮಾಡಿದರು. ಎರ್ಸ್‌ಪಾಮರ್ ಎಂಬ ಇಟಲಿಯ ವಿಜ್ಞಾನಿ ಇದನ್ನು ಮೊದಲು ಕಂಡದ್ದು ಆಕ್ಟೋಪಸ್‌ನ ಜೊಲ್ಲುಗ್ರಂಥಿಯಲ್ಲಿ. ಹೆಸರು ಬಂದದ್ದೂ ಅಲ್ಲಿಂದಲೇ. ನಮ್ಮ ಮೈಯಲ್ಲಿರುವ ನಾರ್‌ಅಡ್ರಿನಲಿನ್‌ಗೆ ಹತ್ತಿರದ ನಂಟು.

2012ರ ಆ ಪ್ರಯೋಗದ ಅಂದ ನನಗೆ ತುಂಬಾ ಇಷ್ಟ. ಹಾರದ ನೊಣದ ಮಿದುಳಿಗೆ ಆಕ್ಟೊಪಮೈನ್ ಹರಿಸಿದರು, ಹಾರುವಾಗಿನಂಥದ್ದೇ ಏರಿಕೆ ಬಂತು. ಆಕ್ಟೊಪಮೈನ್ ಸುರಿಸುವ ಕೋಶಗಳ ಬಾಯಿ ಕಟ್ಟಿದರು, ರೆಕ್ಕೆ ಬಡಿದರೂ ಏರಿಕೆ ಬರಲಿಲ್ಲ. ಇದಕ್ಕಿಂತ ಸ್ಪಷ್ಟವಾದ ಸಾಕ್ಷಿ ಇನ್ನೇನು ಬೇಕು?

ಸದಾ ಚುರುಕಾಗಿರಲು ಕೋಶಕ್ಕೆ ಶಕ್ತಿ ಜಾಸ್ತಿ ಬೇಕು. ಕೂತಲ್ಲೇ ಕೂತ ನೊಣಕ್ಕೆ ಅಷ್ಟು ಖರ್ಚು ಯಾಕೆ? ಹಾರುವಾಗ ಮಾತ್ರ ಲೋಕವೇ ಸರ್ರನೆ ಹಿಂದಕ್ಕೆ ಓಡುತ್ತದೆ, ಸ್ವಲ್ಪ ವಾಲಿದರೂ ಆ ಕ್ಷಣವೇ ಗೊತ್ತಾಗಬೇಕು. ಇದು ನನ್ನ ಲೆಕ್ಕಾಚಾರ.

ಮೊದಮೊದಲು ನಾನು ಸುಮ್ಮನಿದ್ದ ನೊಣಗಳನ್ನೇ ಅಳೆದು, ಮಿದುಳು ನೋಡುವುದು ಹೀಗೆ ಅಂತ ಬರೆದಿಡುತ್ತಿದ್ದೆ. ಈಗ ನೋಟ್‌ಬುಕ್‌ನಲ್ಲಿ ತಾರೀಖಿನ ಪಕ್ಕ ಇನ್ನೊಂದು ಕಾಲಂ ಎಳೆದಿದ್ದೇನೆ: ಹಾರುತ್ತಿತ್ತೋ, ಇಲ್ಲವೋ.